ಆರು ಗುಂಡಿನ ಆಯಸ್ಸು

ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 2023ರ ಆಗಸ್ಟ್‌ನಲ್ಲಿ ಹೊಸ ರಿವಾಲ್ವರ್ ಒಂದು ಹೊರಬಂತು. ಹೆಸರು ‘ಪ್ರಬಲ್’. ತೂಕ 700 ಗ್ರಾಂ, ನಳಿಗೆಯ ಉದ್ದ 76 ಮಿ.ಮೀ., .32 ಬೋರ್. ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಅಲ್ಲಿಯವರೆಗೆ ಕಾನ್ಪುರದ ರಿವಾಲ್ವರ್‌ಗೆ ಗುಂಡು ತುಂಬಬೇಕಾದರೆ ನಳಿಗೆಯನ್ನು ಕೆಳಕ್ಕೆ ಬಾಗಿಸಿ ಇಡೀ ಆಯುಧವನ್ನೇ ನಡುವಿನಲ್ಲಿ ತೆರೆಯಬೇಕಿತ್ತು. ಪಕ್ಕಕ್ಕೆ ಹೊರಳುವ ಸಿಲಿಂಡರನ್ನು ಅಮೆರಿಕದ ಕೋಲ್ಟ್ ಕಂಪನಿ 1889ರಲ್ಲೇ ಮಾರುಕಟ್ಟೆಗೆ ತಂದಿತ್ತು.

ಜಗತ್ತಿನ ಉಳಿದೆಡೆ ಈ ಹೊತ್ತಿಗೆ ರಿವಾಲ್ವರ್ ಬದಿಗೆ ಸರಿದಾಗಿದೆ. ಅಮೆರಿಕದ ಕಾರ್ಖಾನೆಗಳು 2020ರಲ್ಲಿ ಸುಮಾರು 55 ಲಕ್ಷ ಪಿಸ್ತೂಲುಗಳನ್ನು ತಯಾರಿಸಿದವು. ರಿವಾಲ್ವರ್‌ಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸು. ಐದೂವರೆಗೆ ಒಂದು ಎಂಬ ಲೆಕ್ಕ. ಸೇನೆಗಳಂತೂ ರಿವಾಲ್ವರನ್ನು ಬಿಟ್ಟು ತಲೆಮಾರುಗಳೇ ಕಳೆದಿವೆ. ಅಂಥದ್ದರಲ್ಲಿ ನಮ್ಮ ದೇಶದ ಕಾರ್ಖಾನೆಯೊಂದು 2023ರಲ್ಲಿ ರಿವಾಲ್ವರ್ ಮೇಲೆ ಬಂಡವಾಳ ಹಾಕಿದ್ದು ಏಕೆ? ಉತ್ತರದ ಅರ್ಧ ಆ ಯಂತ್ರದೊಳಗಿದೆ, ಇನ್ನರ್ಧ ನಮ್ಮ ಕಾನೂನಿನ ಪುಸ್ತಕದಲ್ಲಿದೆ.

ಮೊದಲು ಯಂತ್ರವನ್ನೇ ನೋಡೋಣ. ರಿವಾಲ್ವರ್‌ನ ಟ್ರಿಗರನ್ನು ನಿಧಾನವಾಗಿ ಎಳೆಯುತ್ತಾ ಹೋದರೆ ಒಳಗೆ ಮೂರು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಸಣ್ಣದೊಂದು ಉಕ್ಕಿನ ಕೊಕ್ಕೆ ಮೇಲೆದ್ದು ಸಿಲಿಂಡರ್‌ನ ಬೆನ್ನಿಗಿರುವ ಹಲ್ಲನ್ನು ತಳ್ಳುತ್ತದೆ. ಸಿಲಿಂಡರ್ ಆರನೇ ಒಂದು ಸುತ್ತು ತಿರುಗುತ್ತದೆ. ಕೆಳಗಿನಿಂದ ಇನ್ನೊಂದು ತುಂಡು ಎದ್ದು ಸಿಲಿಂಡರ್‌ನ ಮೈಮೇಲಿನ ಕಚ್ಚಿನಲ್ಲಿ ಕೂತು ಅದನ್ನು ಅಲುಗದಂತೆ ಹಿಡಿಯುತ್ತದೆ. ಇಷ್ಟರಲ್ಲಿ ಹ್ಯಾಮರ್ ಹಿಂದಕ್ಕೆ ಹೋಗಿರುತ್ತದೆ, ಎಳೆತದ ಕೊನೆಯ ಕೂದಲೆಳೆಯಲ್ಲಿ ಬಿಟ್ಟುಕೊಂಡು ಕಾಡತೂಸಿನ ಬೆನ್ನಿಗೆ ಬಡಿಯುತ್ತದೆ. ಇಷ್ಟೂ ನಡೆಯುವುದು ಒಂದೇ ಬೆರಳಿನ ಬಲದಿಂದ. ಹೊರಗಿನ ಯಾವ ಶಕ್ತಿಯನ್ನೂ ಅದು ನೆಚ್ಚಿಕೊಂಡಿಲ್ಲ. ಒಂದು ಗುಂಡು ಹುಸಿಯಾದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ಗುಂಡು ನಳಿಗೆಯ ಎದುರಿಗೆ ಬಂದು ನಿಲ್ಲುತ್ತದೆ.

ಪಿಸ್ತೂಲಿನ ಬದುಕು ಬೇರೆ. ಅಲ್ಲಿ ಕೆಲಸ ಮಾಡುವುದು ಸಿಡಿದ ಗುಂಡಿನ ಹಿನ್ನೂಕು. ಆ ನೂಕಿಗೆ ಮೇಲಿನ ಸ್ಲೈಡ್ ಹಿಂದಕ್ಕೆ ಜಾರುತ್ತದೆ, ಖಾಲಿ ಕಾಡತೂಸು ಹೊರಗೆ ಹಾರುತ್ತದೆ. ಸ್ಪ್ರಿಂಗ್ ಒತ್ತಡಕ್ಕೆ ಸ್ಲೈಡ್ ಮುಂದಕ್ಕೆ ಬರುವಾಗ ಹಿಡಿಯೊಳಗಿನ ಮ್ಯಾಗಜಿನ್‌ನಿಂದ ಹೊಸ ಗುಂಡನ್ನು ಎಳೆದು ನಳಿಗೆಯೊಳಗೆ ಕೂರಿಸುತ್ತದೆ. ವೇಗದಲ್ಲಿ, ಗುಂಡುಗಳ ಸಂಖ್ಯೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಗುಂಡಿನಲ್ಲಿ ಕಸುವು ಕಡಿಮೆಯಿದ್ದರೆ, ಮ್ಯಾಗಜಿನ್‌ನ ತುಟಿ ಸೊಟ್ಟಗಾಗಿದ್ದರೆ, ಹಿಡಿದ ಮಣಿಕಟ್ಟು ಸಡಿಲವಾಗಿದ್ದರೆ, ಎಣ್ಣೆ ಒಣಗಿ ಜಿಡ್ಡುಗಟ್ಟಿದ್ದರೆ ಈ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ. ಎರಡು ಕೈಯಲ್ಲಿ ಹೊಡೆದು, ತಟ್ಟಿ, ಸ್ಲೈಡ್ ಎಳೆದು ಸಿಕ್ಕಿದ್ದನ್ನು ಬಿಡಿಸುವುದು ಅಭ್ಯಾಸವಿದ್ದವರಿಗೆ ಒಂದೆರಡು ಸೆಕೆಂಡಿನ ಕೆಲಸ. ಅಭ್ಯಾಸವಿಲ್ಲದವರ ಕೈಯಲ್ಲಿ ಆ ಹೊತ್ತಿಗೆ ಅದು ಬರೀ ಕಬ್ಬಿಣದ ತುಂಡು.

ರಿವಾಲ್ವರ್ ಎಂದೂ ಕೈಕೊಡುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಅದು ಪೂರ್ತಿ ನಿಜವಲ್ಲ. ಹಿನ್ನೂಕಿನ ರಭಸಕ್ಕೆ ಪಕ್ಕದ ಕಾಡತೂಸಿನ ಸೀಸ ಸಡಿಲವಾಗಿ ಮುಂದಕ್ಕೆ ಸರಿದರೆ ಸಿಲಿಂಡರ್ ತಿರುಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಒಳಗಿನ ಕೊಕ್ಕೆ ಸವೆದರೆ ಗುಂಡಿನ ಕೋಣೆಯೂ ನಳಿಗೆಯೂ ಒಂದೇ ನೇರಕ್ಕೆ ನಿಲ್ಲುವುದಿಲ್ಲ. ಹೀಗೆ ಕೆಟ್ಟರೆ ನಿಂತ ಜಾಗದಲ್ಲಿ ಸರಿಪಡಿಸಲು ಬರುವುದಿಲ್ಲ, ಪಳಗಿದ ಕುಶಲಕರ್ಮಿಯೇ ಆಗಬೇಕು. ಪಿಸ್ತೂಲು ಆಗಾಗ ಸಣ್ಣದಾಗಿ ತೊಂದರೆ ಕೊಡುತ್ತದೆ. ರಿವಾಲ್ವರ್ ಅಪರೂಪಕ್ಕೆ ಕೈಕೊಡುತ್ತದೆ, ಕೊಟ್ಟಾಗ ಪೂರ್ತಿ ಕೊಡುತ್ತದೆ.

ಸ್ಯಾಮ್ಯುಯೆಲ್ ಕೋಲ್ಟ್ ತನ್ನ ತಿರುಗುವ ಸಿಲಿಂಡರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಮುಂದಿನ ಸುಮಾರು ಒಂದೂವರೆ ಶತಮಾನ ಅಮೆರಿಕದ ಪೊಲೀಸರ ಸೊಂಟದಲ್ಲಿದ್ದದ್ದು ಅದರ ಸಂತತಿಯೇ. 1899ರಲ್ಲಿ ಹುಟ್ಟಿ ಮುಂದೆ ‘ಮಾಡೆಲ್ 10’ ಎನಿಸಿಕೊಂಡ ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರ್ ಒಂದೇ 60 ಲಕ್ಷಕ್ಕೂ ಹೆಚ್ಚು ತಯಾರಾಗಿದೆ.

ರಿವಾಲ್ವರ್‌ನ ಆ ಸ್ಥಾನವನ್ನು ಅಲುಗಾಡಿಸಿದ್ದು ಗುಂಡಿನ ಎರಡು ಕಾಳಗಗಳು. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಹೆದ್ದಾರಿ ಪೊಲೀಸರು ನಾಲ್ವರು ಕೆಲವೇ ನಿಮಿಷಗಳಲ್ಲಿ ಸತ್ತರು. ಆರು ಗುಂಡು ಮುಗಿದ ಮೇಲೆ ಒಂದೊಂದೇ ಗುಂಡನ್ನು ಬೆರಳಿನಲ್ಲಿ ತುರುಕುವುದು ಎಷ್ಟು ದುಬಾರಿ ಎಂದು ಇಲಾಖೆಗೆ ಅಂದು ಅರ್ಥವಾಯಿತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿ ಇಬ್ಬರು ಬ್ಯಾಂಕ್ ದರೋಡೆಕೋರರಿಗೆ ಎದುರಾದರು. ಎಫ್‌ಬಿಐನವರಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಅವರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ರಿವಾಲ್ವರ್. ಕೈಗೇ ಗುಂಡು ತಗಲಿದ ಒಬ್ಬ ಅಧಿಕಾರಿಗೆ, ಒಡೆದ ಕೈಯ ಮಾಂಸ ಮತ್ತು ರಕ್ತ ಸಿಲಿಂಡರಿಗೆ ಮೆತ್ತಿಕೊಂಡು ಹೊಸ ಗುಂಡು ತುಂಬಲಾಗಲಿಲ್ಲ. ಆ ಕಾಳಗವನ್ನು ಕೊನೆಗೆ ಮುಗಿಸಿದ್ದೂ ಒಂದು ರಿವಾಲ್ವರೇ ಎಂಬುದು ಬೇರೆ ಮಾತು. ಇಲಾಖೆಗಳ ಮನಸ್ಸಿನಲ್ಲಿ ಉಳಿದದ್ದು ಮಾತ್ರ ತುಂಬಲಾಗದೆ ಹೋದ ಗುಂಡು.

ಅದೇ ಹೊತ್ತಿಗೆ ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ತಯಾರಿಸಿದ, ಪ್ಲಾಸ್ಟಿಕ್ ಮೈಯ, ಹದಿನೇಳು ಗುಂಡು ಹಿಡಿಸುವ ‘ಗ್ಲಾಕ್ 17’ ಮಾರುಕಟ್ಟೆಯಲ್ಲಿತ್ತು. ತೂಕ ಕಡಿಮೆ, ಬೆಲೆ ಕಡಿಮೆ, ಕಲಿಸುವುದೂ ಸುಲಭ. ಅಲ್ಲಿಂದ ಮುಂದೆ ಇಲಾಖೆಗಳು ಒಂದರ ಹಿಂದೊಂದು ಬದಲಾದವು. ನ್ಯೂಯಾರ್ಕ್ ನಗರ ಪೊಲೀಸರು 1993ರಿಂದ 9 ಮಿ.ಮೀ. ಪಿಸ್ತೂಲಿಗೆ ಹೊರಳಿದರು. ಆದರೆ ರಿವಾಲ್ವರ್‌ನ ಬಿಗಿ ಟ್ರಿಗರಿಗೆ ಹೊಂದಿಕೊಂಡ ಬೆರಳುಗಳು ಹಗುರ ಟ್ರಿಗರ್ ಸಿಕ್ಕರೆ ಅರಿಯದೆ ಗುಂಡು ಹಾರಿಸಿಬಿಟ್ಟಾವು ಎಂಬ ಭಯದಿಂದ, ಹೊಸ ಪಿಸ್ತೂಲಿಗೂ ಸುಮಾರು ಐದೂವರೆ ಕಿಲೋ ಎಳೆತದ ಟ್ರಿಗರನ್ನೇ ಹಾಕಿಸಿಕೊಂಡರು. ಕೊನೆಯ ರಿವಾಲ್ವರ್‌ಗಳು ಅಲ್ಲಿನ ಪೊಲೀಸರ ಕೈಬಿಟ್ಟದ್ದು 2018ರಲ್ಲಿ. ಅವುಗಳ ಟ್ರಿಗರ್ ಭಾರ ಮಾತ್ರ ಪಿಸ್ತೂಲಿನೊಳಗೆ ಇನ್ನೂ ಕೆಲಕಾಲ ಉಳಿಯಿತು.

ಎಲ್ಲರೂ ಹೀಗೆ ಬಿಟ್ಟುಕೊಡಲಿಲ್ಲ. ಜಪಾನಿನ ಬೀದಿ ಪೊಲೀಸರು ಇವತ್ತಿಗೂ ಐದು ಗುಂಡಿನ ರಿವಾಲ್ವರ್ ಹೊತ್ತು ತಿರುಗುತ್ತಾರೆ. ಗುಂಡು ಹಾರಿಸುವ ಪ್ರಸಂಗವೇ ಅಪರೂಪವಾದ ಪಡೆಗೆ ಹದಿನೇಳು ಗುಂಡು ಬೇಕಿಲ್ಲ. ವರ್ಷಗಟ್ಟಲೆ ಚರ್ಮದ ಚೀಲದಲ್ಲಿ ಕೂತು, ಒಂದು ದಿನ ತೆಗೆದಾಗ ಕೆಲಸ ಮಾಡುವ ಆಯುಧ ಸಾಕು. ರಿವಾಲ್ವರ್ ಉಳಿದುಕೊಂಡಿರುವ ಜಾಗ ಯಾವುದೆಂದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ದೇಶದ ಚರಿತ್ರೆಯಲ್ಲಿ ಈ ಎರಡೂ ಆಯುಧಗಳು ಎದುರುಬದುರು ನಿಂತದ್ದುಂಟು. ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ರಿವಾಲ್ವರ್ ಇದ್ದ ಕಾಲದಲ್ಲೇ ಕ್ರಾಂತಿಕಾರಿಗಳ ಕೈಗೆ ಪಿಸ್ತೂಲು ಬಂದಿತ್ತು. ನಾಸಿಕದ ಕಲೆಕ್ಟರ್ ಜಾಕ್ಸನ್ ಮೇಲೆ 1909ರ ಡಿಸೆಂಬರ್‌ನಲ್ಲಿ ಅನಂತ ಕಾನ್ಹೇರೆ ಹಾರಿಸಿದ ಗುಂಡು ಬ್ರೌನಿಂಗ್ ಪಿಸ್ತೂಲಿನದು. ಲಂಡನ್ನಿನಿಂದ ಸಾವರ್ಕರ್ ಗುಟ್ಟಾಗಿ ಕಳಿಸಿದ ಇಪ್ಪತ್ತು ಬ್ರೌನಿಂಗ್‌ಗಳಲ್ಲಿ ಅದೂ ಒಂದು. 1914ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ರೊಡ್ಡಾ ಕಂಪನಿಯ ಸರಕಿನಿಂದ ಕ್ರಾಂತಿಕಾರಿಗಳು ಹಾರಿಸಿದ್ದು ಐವತ್ತು ಮೌಸರ್ ಪಿಸ್ತೂಲು, 46 ಸಾವಿರ ಗುಂಡು. ಚಂದ್ರಶೇಖರ ಆಜಾದ್ 1931ರಲ್ಲಿ ಅಲಹಾಬಾದಿನ ಪಾರ್ಕಿನಲ್ಲಿ ಕೊನೆಯವರೆಗೂ ಕಾದಾಡಿದ್ದು ಕೋಲ್ಟ್ ಪಿಸ್ತೂಲಿನಲ್ಲಿ. ಅದು ಈಗಲೂ ಅಲ್ಲಿನ ಮ್ಯೂಸಿಯಂನಲ್ಲಿದೆ. ಮರು ವರ್ಷ ಕಲ್ಕತ್ತೆಯ ಘಟಿಕೋತ್ಸವ ಸಭೆಯಲ್ಲಿ ಗವರ್ನರ್ ಮೇಲೆ ಐದು ಗುಂಡು ಹಾರಿಸಿದ ಬೀಣಾ ದಾಸ್ ಕೈಯಲ್ಲಿದ್ದದ್ದು ರಿವಾಲ್ವರ್. ಐದೂ ಗುರಿ ತಪ್ಪಿದವು. ಆ ಯುವತಿಯ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅಭ್ಯಾಸವಿಲ್ಲದ ಕೈಗೆ ರಿವಾಲ್ವರ್ ಎಷ್ಟು ಕಷ್ಟದ ಆಯುಧ ಎಂಬುದನ್ನೂ ಆ ಪ್ರಸಂಗ ಹೇಳುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಆ ವೆಬ್ಲಿಯ ರೂಪವನ್ನೇ ಇಟ್ಟುಕೊಂಡು ಕಾನ್ಪುರ .32 ರಿವಾಲ್ವರ್ ಮಾಡಿತು. ಪೊಲೀಸರು ಮೆಲ್ಲಮೆಲ್ಲಗೆ 9 ಮಿ.ಮೀ. ಪಿಸ್ತೂಲಿಗೆ ಹೋದರು. ರಿವಾಲ್ವರ್‌ಗೆ ಉಳಿದದ್ದು ಲೈಸೆನ್ಸ್ ಪಡೆದ ನಾಗರಿಕ. ಈ ನಾಗರಿಕನ ಸುತ್ತ ಕಾನೂನು ಹಾಕಿರುವ ಬೇಲಿಯನ್ನು ಗಮನಿಸಬೇಕು. 9 ಮಿ.ಮೀ., .38, .455ರಂಥ ಸೇನೆ ಮತ್ತು ಪೊಲೀಸರ ಬೋರ್‌ಗಳು ಸಾಮಾನ್ಯ ಲೈಸೆನ್ಸ್‌ದಾರನಿಗೆ ಸಿಗುವುದಿಲ್ಲ. ಹೊರದೇಶದ ಪಿಸ್ತೂಲು, ರಿವಾಲ್ವರ್‌ಗಳ ಆಮದು 1980ರ ದಶಕದಿಂದಲೇ ಹೆಚ್ಚುಕಡಿಮೆ ನಿಂತಿದೆ. ಒಬ್ಬರಿಗೆ ಮೂರು ಆಯುಧ ಎಂದಿದ್ದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಹೀಗಾಗಿ ಅಮೆರಿಕದ ಗ್ರಾಹಕನಂತೆ ನಮ್ಮವರು ನೂರಾರು ಮಾದರಿಗಳನ್ನು ತೂಗಿ ನೋಡಿ ಆರಿಸುವ ಮಾತೇ ಇಲ್ಲ. .32ರಲ್ಲಿ ಒಂದೆರಡು ಪಿಸ್ತೂಲು, ಮೂರ್ನಾಲ್ಕು ರಿವಾಲ್ವರ್, ಇಷ್ಟರೊಳಗೇ ಆಯ್ಕೆ. ರಿವಾಲ್ವರ್ ಬಳಸುವ .32 ಕಾಡತೂಸು 1896ರ ಕಾಲದ್ದು, ಅದರ ಹೊಡೆತ 9 ಮಿ.ಮೀ. ಗುಂಡಿನ ಅರ್ಧಕ್ಕಿಂತ ಕಡಿಮೆ. ಪಿಸ್ತೂಲಿನ ಮುಖ್ಯ ಬಲವಾದ ದೊಡ್ಡ ಬೋರ್ ಮತ್ತು ತುಂಬು ಮ್ಯಾಗಜಿನ್ ಎರಡೂ ಬೇಲಿಯ ಆಚೆಗೇ ಉಳಿಯುವುದರಿಂದ ಈಚೆಗೆ ರಿವಾಲ್ವರ್ ಸಲೀಸಾಗಿ ಬದುಕಿದೆ.

ಕಾನೂನು ರಿವಾಲ್ವರನ್ನು ಕಾಪಾಡುವುದು ನಮ್ಮಲ್ಲಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಮಾದರಿಯ ಪಿಸ್ತೂಲು ಮಾರಬೇಕಾದರೆ ಕಾಡತೂಸಿನ ಮೇಲೆ ಗುರುತು ಒತ್ತುವ ಏರ್ಪಾಡು ಇರಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂತು. ರಿವಾಲ್ವರ್‌ಗೆ ಅದು ಅನ್ವಯಿಸಲಿಲ್ಲ. ಹಲವು ರಾಜ್ಯಗಳು ಮ್ಯಾಗಜಿನ್‌ಗೆ ಹತ್ತು ಗುಂಡಿನ ಮಿತಿ ಹಾಕಿದವು. ಪಿಸ್ತೂಲಿಗೂ ರಿವಾಲ್ವರ್‌ಗೂ ನಡುವಿನ ಅಂತರ ಅಲ್ಲೆಲ್ಲ ಅಷ್ಟರಮಟ್ಟಿಗೆ ಕಿರಿದಾಯಿತು. ರೂಗರ್ ಕಂಪನಿ 2009ರಲ್ಲಿ ಪಾಲಿಮರ್ ಬಳಸಿದ ಹಗುರ ರಿವಾಲ್ವರ್ ತಂದಿತು. ಈ ವ್ಯಾಪಾರದಿಂದ ಹೆಚ್ಚುಕಡಿಮೆ ದೂರವಾಗಿದ್ದ ಕೋಲ್ಟ್ 2017ರಲ್ಲಿ ‘ಕೋಬ್ರಾ’ ಹೆಸರಿನಲ್ಲಿ ಮರಳಿತು. 1955ರ ಅದರ ಪ್ರಸಿದ್ಧ ‘ಪೈಥಾನ್’ 2020ರಲ್ಲಿ ಮತ್ತೆ ತಯಾರಾಗತೊಡಗಿತು. ಹಳೆಯ ಪೈಥಾನ್‌ಗಳಿಗೆ ಸಂಗ್ರಹಕಾರರು ಕೊಡುತ್ತಿದ್ದ ಬೆಲೆ ನೋಡಿಯೇ ಕಂಪನಿಗೆ ಆ ಧೈರ್ಯ ಬಂದಿರಬೇಕು.

ಮತ್ತೆ ಕಾನ್ಪುರಕ್ಕೆ ಬರೋಣ. 2014ರ ಜನವರಿಯಲ್ಲಿ ಅಲ್ಲಿಂದ ‘ನಿರ್ಭೀಕ್’ ಬಂತು. ದೆಹಲಿಯ ನಿರ್ಭಯಾಳ ಹೆಸರನ್ನು ನೆನಪಿಸುವಂತೆ ಹೆಸರಿಟ್ಟು, ಹೆಣ್ಣುಮಕ್ಕಳ ರಕ್ಷಣೆಗೆಂದು ಪ್ರಚಾರ ಮಾಡಿದರು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಬೆಲೆ 1,22,360 ರೂಪಾಯಿ. ನನಗೆ ಈ ಪ್ರಚಾರ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಆಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಆ ಬೆಲೆ ಎಟಕುವುದಿಲ್ಲ ಎಂಬುದೊಂದು. ಅದಕ್ಕಿಂತ ದೊಡ್ಡ ತೊಡಕು ಆ ಅರ್ಧ ಕಿಲೋದಲ್ಲೇ ಇದೆ.

ಲೆಕ್ಕ ನೋಡಿ. ಇಂಥ ರಿವಾಲ್ವರ್‌ನ ಟ್ರಿಗರನ್ನು ಪೂರ್ತಿ ಎಳೆಯಲು ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ ಕಿಲೋ ಬಲ ಬೇಕು. ಅರ್ಧ ಕಿಲೋ ತೂಗುವ ವಸ್ತುವನ್ನು ಅದರ ಒಂಬತ್ತರಿಂದ ಹನ್ನೊಂದು ಪಟ್ಟು ಬಲದಿಂದ ಎಳೆಯುವಾಗ ನಳಿಗೆಯ ತುದಿ ಒಂದಿಷ್ಟೂ ಅಲುಗದಂತೆ ಹಿಡಿಯಬೇಕು. ನಳಿಗೆ ಗಿಡ್ಡವಾದಷ್ಟೂ ಗುರಿನೋಟದ ಎರಡು ಬಿಂದುಗಳು ಹತ್ತಿರ ಬಂದು ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಆಯುಧ ಹಗುರವಾದಷ್ಟೂ ಹಿನ್ನೂಕು ಅಂಗೈಗೆ ಜೋರಾಗಿ ಬಡಿದು ಎರಡನೇ ಗುಂಡಿಗೆ ಕೈ ಹಿಂಜರಿಯುತ್ತದೆ. ಕೈಚೀಲಕ್ಕೆ ಹಿಡಿಸಲೆಂದು ಮಾಡಿದ ಪ್ರತಿಯೊಂದು ಬದಲಾವಣೆಯೂ ಗುರಿಯನ್ನು ಇನ್ನಷ್ಟು ಕಷ್ಟ ಮಾಡಿದೆ. ಇಟ್ಟುಕೊಳ್ಳುವುದಕ್ಕೆ ರಿವಾಲ್ವರ್‌ನಷ್ಟು ಸುಲಭದ ಕೈಬಂದೂಕು ಇನ್ನೊಂದಿಲ್ಲ, ಹೊಡೆಯುವುದಕ್ಕೆ ಅಷ್ಟು ಕಷ್ಟದ್ದೂ ಇನ್ನೊಂದಿಲ್ಲ. ಅಭ್ಯಾಸವಿಲ್ಲದವರಿಗೆ ಹೇಳಿ ಮಾಡಿಸಿದ್ದೆಂದು ಅದನ್ನು ಮಾರುತ್ತಾರೆ. ಆದರೆ ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಕೇಳುವುದು ಅದೇ.

ನಮ್ಮಲ್ಲಿ ಆ ಅಭ್ಯಾಸ ಎಷ್ಟು ನಡೆಯುತ್ತದೆ? ಚುನಾವಣೆ ಘೋಷಣೆಯಾದ ವಾರ ಯಾವುದಾದರೂ ಪೊಲೀಸ್ ಠಾಣೆಗೆ ಹೋದರೆ ಅಂದಾಜು ಸಿಗುತ್ತದೆ. ಲೈಸೆನ್ಸ್‌ದಾರರು ಠೇವಣಿ ಇಡಲು ತಂದ ಕೋವಿಗಳಿಗೆ ಹಗ್ಗ ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ ಸಾಲಾಗಿ ಒರಗಿಸಿರುತ್ತಾರೆ. ನಡುವೆ ಬಟ್ಟೆಯಲ್ಲಿ ಸುತ್ತಿದ ಒಂದೆರಡು ರಿವಾಲ್ವರ್. ಬಿಚ್ಚಿದರೆ ಸಿಲಿಂಡರ್‌ನ ಅಂಚಿನಲ್ಲಿ ತುಕ್ಕಿನ ಕೆಂಪು, ಜೊತೆಯ ಕಾಡತೂಸುಗಳ ಹಿತ್ತಾಳೆ ಹಸಿರುಗಟ್ಟಿರುತ್ತದೆ. ‘ಇದನ್ನ ತಗೊಂಡಾಗ ಎರಡು ಗುಂಡು ಹೊಡೆದು ನೋಡಿದ್ದು ಸಾರ್, ಆಮೇಲೆ ಬೀರುವಿನಲ್ಲೇ ಇದೆ’ ಎನ್ನುವುದು ಇಂಥ ಕಡೆ ಸಾಮಾನ್ಯವಾಗಿ ಕೇಳುವ ಮಾತು. ಕೇಂದ್ರ ಗೃಹ ಇಲಾಖೆಯ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ 33.69 ಲಕ್ಷ ಬಂದೂಕು ಲೈಸೆನ್ಸ್‌ಗಳಿದ್ದವು, ಅದರಲ್ಲಿ ಉತ್ತರ ಪ್ರದೇಶದ್ದೇ 12.77 ಲಕ್ಷ. ಕರ್ನಾಟಕದಲ್ಲಿ 1.13 ಲಕ್ಷ. ಇವುಗಳಲ್ಲಿ ದೊಡ್ಡ ಪಾಲು ಬೆಳೆ ಕಾಯುವ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳೇ ಎಂಬುದು ಮಲೆನಾಡು ಬಲ್ಲವರಿಗೆ ಗೊತ್ತು.

ಕೊಡಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೇಕಾದವರು ಬೇಕಾದ ಬಂದೂಕು ಇಟ್ಟುಕೊಳ್ಳಬಹುದು ಎಂದು ಹೊರಗಿನವರು ಭಾವಿಸುವುದುಂಟು. ಆ ವಿನಾಯಿತಿ ಇರುವುದು ಈ ಎರಡು ವರ್ಗದವರಿಗಷ್ಟೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ಕೋವಿ ಮನೆತನದ್ದು. ಅದನ್ನು ಹಿಡಿಯುವುದು, ಬಿಚ್ಚುವುದು, ಒರೆಸುವುದು ಮಕ್ಕಳು ನೋಡಿ ನೋಡಿ ಕಲಿಯುವ ವಿದ್ಯೆ. ಒಬ್ಬರ ಬೀರುವಿನೊಳಗೆ ಬೀಗ ಹಾಕಿ ಕೂರುವ ರಿವಾಲ್ವರ್‌ಗೆ ಅಂಥ ಕಲಿಕೆಯ ದಾರಿ ಇಲ್ಲ. ಇನ್ನು ಸಕಲೇಶಪುರ, ವಿರಾಜಪೇಟೆ ಕಡೆಯ ತೋಟದ ಮಾಲೀಕರು ಆನೆ ಕಾಟಕ್ಕೆ ಹೆದರಿ ರಿವಾಲ್ವರ್ ಕೇಳಿದರೆ ಅದು ಹುಸಿ ಧೈರ್ಯವಷ್ಟೇ. ಆನೆಗೆ .32 ಗುಂಡು ತಾಗಿದರೆ ಅದು ಓಡುವುದಿಲ್ಲ, ಕೆರಳುತ್ತದೆ, ಕಾನೂನಿನ ಪ್ರಕಾರ ಹೊಡೆಯುವಂತೆಯೂ ಇಲ್ಲ.

ಮುಂದೇನು? ಅಮೆರಿಕದಲ್ಲಿ ರಿವಾಲ್ವರ್ ಕಿರಿದಾದ ಆದರೆ ಗಟ್ಟಿಯಾದ ಜಾಗ ಹಿಡಿದಿದೆ: ಜೇಬಿಗೆ ಹೋಗುವ ಐದು ಗುಂಡಿನದು, ಅಲಾಸ್ಕಾದ ಕರಡಿಗಳ ಕಾಡಿಗೆ ಹೋಗುವವರ ದೊಡ್ಡ .44, ಸಂಗ್ರಹಕಾರರ ಪೈಥಾನ್. ಆ ಜಾಗವನ್ನು ಪಿಸ್ತೂಲು ಕಸಿದುಕೊಳ್ಳುವಂತೆ ನನಗೆ ಕಾಣುವುದಿಲ್ಲ. ಭಾರತದಲ್ಲಿ ಮಾತ್ರ ಅದರ ಆಯಸ್ಸು ದೆಹಲಿಯ ಒಂದು ಅಧಿಸೂಚನೆಯ ಕೈಯಲ್ಲಿದೆ. 9 ಮಿ.ಮೀ. ಬೋರ್ ನಾಗರಿಕರಿಗೆ ತೆರೆದ ದಿನ .32 ರಿವಾಲ್ವರ್‌ನ ಮಾರುಕಟ್ಟೆ ಕುಸಿಯುತ್ತದೆ. ಹಾಗೆ ತೆರೆಯಬಾರದು ಎಂಬುದೇ ನನ್ನ ಅಭಿಪ್ರಾಯ. ಅದು ತೆರೆಯುವ ಲಕ್ಷಣವೂ ಇಲ್ಲದ್ದರಿಂದಲೇ ವೆಬ್ಲಿ ಆ್ಯಂಡ್ ಸ್ಕಾಟ್ 2020ರಲ್ಲಿ ಉತ್ತರ ಪ್ರದೇಶದ ಹರ್ದೋಯಿಗೆ ಬಂದು .32 ರಿವಾಲ್ವರ್ ತಯಾರಿಕೆಗೆ ಕೈಹಾಕಿತು, ಕಾನ್ಪುರ ಮೂರು ವರ್ಷದ ನಂತರ ಪ್ರಬಲ್ ತಂದಿತು. ತಯಾರಕರು ಇನ್ನೂ ಹಲವು ವರ್ಷಗಳ ವ್ಯಾಪಾರವನ್ನು ನೆಚ್ಚಿಕೊಂಡೇ ಹೆಜ್ಜೆ ಇಟ್ಟಿದ್ದಾರೆ.

ಹಾಗಿದ್ದರೆ ಕೊಳ್ಳುವವರ ಕೈಯನ್ನು ತಯಾರು ಮಾಡುವ ಕೆಲಸ ಆಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಲೈಸೆನ್ಸ್‌ಗೆ ತರಬೇತಿ ಪ್ರಮಾಣಪತ್ರ ಕೇಳುತ್ತವೆ. ಅದು ಒಂದು ಸಲದ ಕಾಗದವಾಗಿ ಉಳಿಯಬಾರದು. 2019ರ ತಿದ್ದುಪಡಿ ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತರುವವರಿಗೆ ಎರಡು ವರ್ಷದವರೆಗೆ ಜೈಲು ಎಂದೂ ಅದೇ ತಿದ್ದುಪಡಿ ಹೇಳಿತು. ಅದರ ಜೊತೆಗೆ ಇನ್ನೊಂದು ಸಾಲು ಸೇರಲಿ: ನವೀಕರಣಕ್ಕೆ ಬಂದವರು ತಮ್ಮದೇ ಆಯುಧದಿಂದ, ಜಿಲ್ಲಾ ಪೊಲೀಸರ ಫೈರಿಂಗ್ ರೇಂಜಿನಲ್ಲಿ, ಹತ್ತು ಮೀಟರ್ ದೂರದ ಹಲಗೆಗೆ ಆರು ಗುಂಡು ಹೊಡೆದು ತೋರಿಸಬೇಕು. ಆ ಆರು ಕಾಡತೂಸುಗಳನ್ನು ಅವರ ವಾರ್ಷಿಕ ಕೋಟಾದಲ್ಲಿ ಹಿಡಿಯಬಾರದು. ನಾಲ್ಕಾದರೂ ಹಲಗೆಗೆ ಬೀಳದಿದ್ದರೆ, ಕಲಿತು ಮತ್ತೆ ಬರುವವರೆಗೆ ಆಯುಧ ಠಾಣೆಯಲ್ಲೇ ಇರಲಿ.